ಇಬ್ಬರ ದೋಣಿಗೆ ಎಡೆಯಿಲ್ಲವೇ?

ಪ್ರತಿವರ್ಷ ಬೇಸಿಗೆ ಬಂತೆಂದರೆ ಯುರೋಪಿನ ಕೆಲವು ನದಿಗಳ ದಡದಲ್ಲಿ ಜನ ನೆರೆಯುತ್ತಾರೆ. ಬಂಡೆಗಳ ನಡುವೆ ನೊರೆಗಟ್ಟಿ ಧುಮುಕುವ ನೀರಿನ ಮೇಲೆ ಅಡ್ಡಲಾಗಿ ತಂತಿಗಳನ್ನು ಬಿಗಿದು, ಅವುಗಳಿಂದ ಜೋಡಿ ಜೋಡಿಯಾಗಿ ಕೋಲುಗಳನ್ನು ಇಳಿಬಿಟ್ಟಿರುತ್ತಾರೆ. ಆ ಕೋಲುಗಳ ನಡುವಿನ ಇಕ್ಕಟ್ಟಿನಲ್ಲಿ, ಕೋಲಿಗೆ ಮೈ ಸೋಂಕದಂತೆ, ಒಂದೂವರೆ ನಿಮಿಷದ ಆಸುಪಾಸಿನ ಅಲ್ಪಕಾಲದಲ್ಲಿ ದೋಣಿಯನ್ನು ನಡೆಸಿಕೊಂಡು ಹೋಗುವುದೇ ಸ್ಲಾಲಮ್ ಎಂಬ ಸ್ಪರ್ಧೆ. ೨೦೨೫ರ ಋತುವಿನಲ್ಲಿ ಸ್ಪೇನಿನ ಲಾ ಸೆಉ ದ ಉರ್ಜೆಲ್, ಫ್ರಾನ್ಸಿನ ಪೌ, ಝೆಕ್ ದೇಶದ ಪ್ರಾಗ್, ಸ್ಲೊವೇನಿಯದ ತಾಟ್ಸೆನ್, ಜರ್ಮನಿಯ ಔಗ್ಸ್‌ಬರ್ಗ್ ಎಂಬ ಐದು ಕಡೆಗಳಲ್ಲಿ ವಿಶ್ವಕಪ್ಪಿನ ಪಂದ್ಯಗಳು ನಡೆದು, ಕಡೆಗೆ ಆಸ್ಟ್ರೇಲಿಯದ ಪೆನ್ರಿತ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಜರುಗಿತು. ಋತುವೇನೋ ಸಮೃದ್ಧವಾಗಿಯೇ ಸಾಗಿತು. ಆದರೆ ಹಿಂದಿನ ಪಂದ್ಯಗಳನ್ನು ಬಲ್ಲವರ ಕಣ್ಣಿಗೆ ಅದರಲ್ಲಿ ಒಂದು ಕೊರತೆ ಎದ್ದು ಕಾಣುವಂತಿತ್ತು. ಇಬ್ಬರು ಕೂಡಿ ನಡೆಸುವ ದೋಣಿ ವಿಶ್ವಕಪ್ಪಿನ ಯಾವ ಪಂದ್ಯದಲ್ಲಿಯೂ ನೀರಿಗಿಳಿಯಲಿಲ್ಲ.

ಮಹಿಳೆಯರಿಗೆ ಸಮಾನ ಸ್ಥಾನ ದೊರಕಿಸಿಕೊಡುವ ಸಲುವಾಗಿ ಆ ದೋಣಿಯನ್ನು ಕೈಬಿಡಬೇಕಾಯಿತೆಂಬುದು ಇದಕ್ಕೆ ಕೇಳಿಬರುವ ಸಮಾಧಾನ. ಸಮಾನತೆ ಬಂದದ್ದು ನ್ಯಾಯವೇ. ಬಹಳ ತಡವಾಗಿ ಬಂತೆಂಬುದಷ್ಟೇ ದೂರು. ಆದರೆ ಅದಕ್ಕಾಗಿ ತೆತ್ತ ಬೆಲೆ ಅನ್ಯಾಯದ್ದು, ತೆರಲೇಬೇಕಾಗಿಯೂ ಇರಲಿಲ್ಲ. ಈ ಮಾತನ್ನು ಸಮರ್ಥಿಸಬೇಕಾದರೆ ಆಟದ ರೀತಿನೀತಿಗಳನ್ನು ಸ್ವಲ್ಪ ವಿವರಿಸುವುದು ಅಗತ್ಯ.

ಹಿಮದ ಮೇಲೆ ಜಾರುವವರು ಕಂಬಗಳ ನಡುವೆ ಅಂಕುಡೊಂಕಾಗಿ ಇಳಿಯುವ ಸ್ಪರ್ಧೆಯನ್ನು ನೋಡಿ, ಅದನ್ನೇ ನೀರಿನ ಮೇಲೆ ಆಡಬಾರದೇಕೆ ಎಂದು ಸ್ವಿಟ್ಜರ್‌ಲೆಂಡಿನ ಕೆಲವು ಉತ್ಸಾಹಿಗಳಿಗೆ ತೋಚಿತು. ೧೯೩೩ರಲ್ಲಿ ಅಲ್ಲಿನ ಹಾಲ್‌ವಿಲ್ ಸರೋವರದಲ್ಲಿ, ಅಂದರೆ ನಿಂತ ನೀರಿನಲ್ಲಿ, ಮೊದಲ ಪಂದ್ಯ ನಡೆಯಿತು. ಬೇಗನೆ ಅದು ಹರಿವ ನೀರಿಗೆ ಇಳಿಯಿತು. ೧೯೪೯ರಲ್ಲಿ ಜಿನೀವಾದಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ೧೯೮೮ರಿಂದ ಋತುವಿಡೀ ಹಲವು ಊರುಗಳಲ್ಲಿ ಅಂಕಗಳನ್ನು ಕೂಡಿಸಿಕೊಂಡು ಹೋಗುವ ವಿಶ್ವಕಪ್ ಆರಂಭವಾಯಿತು.

ಇಂದಿನ ನಿಯಮದಂತೆ ಮಾರ್ಗದಲ್ಲಿ ಹದಿನೆಂಟರಿಂದ ಇಪ್ಪತ್ತೈದು ದ್ವಾರಗಳಿರುತ್ತವೆ. ಹಸಿರು ಬಿಳಿ ಪಟ್ಟೆಯ ಕೋಲುಗಳ ದ್ವಾರವನ್ನು ಪ್ರವಾಹದೊಡನೆ ಇಳಿಯುತ್ತ ದಾಟಬೇಕು. ಕೆಂಪು ಬಿಳಿ ಪಟ್ಟೆಯ ದ್ವಾರವನ್ನು ಪ್ರವಾಹಕ್ಕೆ ಎದುರಾಗಿ ಏರುತ್ತ ದಾಟಬೇಕು. ಸೆಳವಿನಲ್ಲಿ ಧಾವಿಸುತ್ತಿರುವ ದೋಣಿಯನ್ನು ಬಂಡೆಯ ಹಿಂದಿನ ಸುಳಿಯೊಳಕ್ಕೆ ಥಟ್ಟನೆ ಹೊರಳಿಸಿ, ದ್ವಾರವನ್ನು ಸುತ್ತಿ, ಮತ್ತೆ ಸೆಳವಿಗೆ ಇಳಿಸುವುದರಲ್ಲಿಯೇ ಆಟದ ಜಾಣ್ಮೆಯೆಲ್ಲ ಅಡಗಿದೆ. ಕೋಲು ಸೋಕಿದರೆ ಎರಡು ಸೆಕೆಂಡುಗಳ ದಂಡ, ದ್ವಾರವನ್ನೇ ತಪ್ಪಿಸಿದರೆ ಐವತ್ತು ಸೆಕೆಂಡುಗಳ ದಂಡ. ಅವು ಓಟದ ಕಾಲಕ್ಕೆ ಸೇರುತ್ತವೆ. ಎರಡು ಸೆಕೆಂಡು ಎಂದರೆ ಅಲ್ಪವೆಂದು ತೋರಬಹುದು. ೨೦೦೪ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಸ್ಲೊವಾಕಿಯದ ಮಿಖಾಲ್ ಮಾರ್ಟಿಕಾನ್‌ಗೆ ತೀರ್ಪುಗಾರರು ವಿಧಿಸಿದ ಅಂತಹ ಒಂದೇ ದಂಡದಿಂದ ಸ್ವರ್ಣ ಕೈತಪ್ಪಿ, ಫ್ರಾನ್ಸಿನ ಟೋನಿ ಎಸ್ಟಾಂಗೆಯ ಪಾಲಾಯಿತು. ಇಬ್ಬರ ನಡುವಿನ ಅಂತರ ಸೆಕೆಂಡಿನ ನೂರರಲ್ಲಿ ಹನ್ನೆರಡು ಭಾಗ.

ದೋಣಿಗಳಲ್ಲಿ ಎರಡು ಬಗೆ. ಕಯಾಕ್‌ನಲ್ಲಿ ಕಾಲು ಮುಂದೆ ಚಾಚಿ ಕುಳಿತು, ಎರಡು ತುದಿಗಳಲ್ಲಿಯೂ ಅಲಗುಳ್ಳ ಹುಟ್ಟನ್ನು ಹಾಕುತ್ತಾರೆ. (ಶರಣರ ಕಾಯಕಕ್ಕೂ ಈ ಕಯಾಕ್‌ಗೂ ಧ್ವನಿಸಾಮ್ಯವಷ್ಟೇ, ಇದು ಉತ್ತರ ಧ್ರುವಪ್ರದೇಶದ ಬೇಟೆಗಾರರ ಮಾತು.) ಕೆನೂ ಎಂಬುದರಲ್ಲಿ ಮೊಣಕಾಲೂರಿ, ಒಂದೇ ಅಲಗಿನ ಹುಟ್ಟನ್ನು ಹಿಡಿಯುತ್ತಾರೆ, ತುಂಗಭದ್ರೆಯ ಹರಿಗೋಲಿನವನ ಕೈಯಲ್ಲಿರುವುದಕ್ಕೆ ಇದು ಹತ್ತಿರದ ಬಂಧು. ಅಂಬಿಗರ ಚೌಡಯ್ಯನವರನ್ನು ನೆನೆಯುವ ನಾಡಿನಲ್ಲಿ ಹುಟ್ಟಿನ ಮಹಿಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಯಾಕಿನ ಒಬ್ಬರ ಸ್ಪರ್ಧೆಗೆ ಕೆ-೧ ಎಂದೂ, ಕೆನೂವಿನ ಒಬ್ಬರ ಸ್ಪರ್ಧೆಗೆ ಸಿ-೧ ಎಂದೂ, ಇಬ್ಬರ ಸ್ಪರ್ಧೆಗೆ ಸಿ-೨ ಎಂದೂ ಹೆಸರು. ಇಲ್ಲಿ ಪ್ರಸ್ತುತವಾದುದು ಈ ಕಡೆಯದು.

ಸಿ-೨ ದೋಣಿ ಕನಿಷ್ಠ ನಾಲ್ಕು ಮೀಟರು ಹತ್ತು ಸೆಂಟಿಮೀಟರು ಉದ್ದವಿರಬೇಕು. ಒಬ್ಬರ ದೋಣಿಯ ಕನಿಷ್ಠ ಉದ್ದ ಮೂರೂವರೆ ಮೀಟರು. ಹೆಚ್ಚಿಗೆ ಇರುವುದು ಮೊಳಕ್ಕಿಂತ ತುಸುವೇ ಮಿಗಿಲು. ಆದರೆ ಆ ಅಂತರದಲ್ಲಿ ಆಟದ ಸ್ವರೂಪವೇ ಬದಲಾಗಿಬಿಡುತ್ತದೆ. ಮುಂದಿನವನು ಎಡಗಡೆ ಹುಟ್ಟು ಹಾಕಿದರೆ ಹಿಂದಿನವನು ಬಲಗಡೆ. ಯಾವ ಒಬ್ಬನಿಗೂ ದೋಣಿಯ ಎರಡು ಪಕ್ಕಗಳು ಸ್ವಾಧೀನದಲ್ಲಿಲ್ಲ. ಎಡಕ್ಕೆ ತಿರುಗಬೇಕಾದಾಗ ಒಬ್ಬನು ಸೆಳೆಯಬೇಕು, ಇನ್ನೊಬ್ಬನು ತಡೆಯಬೇಕು. ಮರುಕ್ಷಣದಲ್ಲಿ ಪಾತ್ರಗಳು ಅದಲುಬದಲಾಗುತ್ತವೆ. ನೀರಿನ ಅಬ್ಬರದಲ್ಲಿ ಮಾತಿಗೆ ಅವಕಾಶವಿಲ್ಲ. ಹಿಂದಿನವನಿಗೆ ಮುಂದಿನವನ ಬೆನ್ನು ಕಾಣುತ್ತದೆ. ಮುಂದಿನವನಿಗೆ ಹಿಂದಿನವನು ಕಾಣುವುದೂ ಇಲ್ಲ, ದೋಣಿಯ ಅಡಿಯಿಂದ ಮೊಣಕಾಲಿಗೆ ತಾಗುವ ಅಲುಗಾಟದಿಂದಲೇ ಅವನ ಇಂಗಿತವನ್ನು ಅರಿಯಬೇಕು. ಒಂದೇ ನೊಗಕ್ಕೆ ವರ್ಷಗಟ್ಟಲೆ ಹೂಡಿದ ಜೋಡೆತ್ತುಗಳು ಸಾಲಿನ ಕೊನೆಯಲ್ಲಿ ಹೇಳಿಸಿಕೊಳ್ಳದೆಯೇ ತಿರುಗುವುದನ್ನು ಕಂಡವರಿಗೆ ಇದರ ಕಲ್ಪನೆ ಬಂದೀತು.

ದ್ವಾರ ದಾಟಿತೆನ್ನಬೇಕಾದರೆ ಇಬ್ಬರ ತಲೆಗಳೂ ಕೋಲುಗಳ ನಡುವೆಯೇ ಸಾಗಬೇಕು. ಮುಂದಿನವನು ಸರಿಯಾಗಿ ನುಗ್ಗಿ, ದೋಣಿಯ ಬಾಲ ಬೀಸಿದ್ದರಿಂದ ಹಿಂದಿನವನು ಹೊರಗುಳಿದರೆ ಇಬ್ಬರಿಗೂ ಐವತ್ತು ಸೆಕೆಂಡು. ಒಬ್ಬನ ಮೊಣಕೈ ಕೋಲಿಗೆ ತಗುಲಿದರೆ ಇಬ್ಬರಿಗೂ ಎರಡು ಸೆಕೆಂಡು. ದಂಡವನ್ನು ಹಂಚಿಕೊಂಡು ಅರ್ಧವಾಗಿಸಿಕೊಳ್ಳುವಂತಿಲ್ಲ, ತಪ್ಪು ನನ್ನದಲ್ಲವೆಂದು ಜಾರಿಕೊಳ್ಳುವಂತಿಲ್ಲ. ದೋಣಿ ಮಗುಚಿತೆಂದರೆ ನೀರಿನೊಳಗೆ ತಲೆಕೆಳಗಾಗಿ ತೂಗುತ್ತಿರುವ ಸ್ಥಿತಿಯಲ್ಲಿಯೂ ಇಬ್ಬರೂ ಒಂದೇ ಕ್ಷಣದಲ್ಲಿ, ಒಂದೇ ಪಕ್ಕಕ್ಕೆ ಹೊರಳಬೇಕು. ಒಬ್ಬನು ಎಡಕ್ಕೂ ಒಬ್ಬನು ಬಲಕ್ಕೂ ಯತ್ನಿಸಿದರೆ ಇಬ್ಬರೂ ಮೇಲೆ ಬರುವುದಿಲ್ಲ. ಒಬ್ಬೊಬ್ಬರಾಗಿ ಅದ್ವಿತೀಯರಾದ ಇಬ್ಬರನ್ನು ಒಂದೆಡೆ ಕೂರಿಸಿದ ಮಾತ್ರಕ್ಕೆ ಒಳ್ಳೆಯ ಜೋಡಿ ಸಿದ್ಧವಾಗದು.

ಇದಕ್ಕೆ ಉಜ್ಜ್ವಲ ನಿದರ್ಶನ ಬ್ರಾಟಿಸ್ಲಾವದ ಅವಳಿ ಸಹೋದರರಾದ ಪಾವೊಲ್ ಮತ್ತು ಪೀಟರ್ ಹೋಖ್‌ಶೋರ್ನರ್. ೧೯೭೯ರಲ್ಲಿ ಹುಟ್ಟಿದ ಇವರಿಗೆ ತಂದೆಯೇ ತರಬೇತುದಾರ. ೨೦೦೦ದ ಸಿಡ್ನಿ, ೨೦೦೪ರ ಅಥೆನ್ಸ್, ೨೦೦೮ರ ಬೀಜಿಂಗ್ ಒಲಿಂಪಿಕ್ಸ್ ಮೂರರಲ್ಲಿಯೂ ಸ್ವರ್ಣ. ೨೦೧೨ರ ಲಂಡನ್ನಿನಲ್ಲಿ ಕಂಚು. ಆ ಲಂಡನ್ ಪಂದ್ಯವೂ ಸ್ಮರಣೀಯವಾದುದೇ. ಆತಿಥೇಯ ಬ್ರಿಟನ್ನಿನ ಟಿಮ್ ಬೈಲಿ ಮತ್ತು ಎಟಿಯೆನ್ ಸ್ಟಾಟ್ ಅಂತಿಮ ಸುತ್ತಿಗೆ ಕಟ್ಟಕಡೆಯ ಸ್ಥಾನದಲ್ಲಿ ತೂರಿಕೊಂಡು ಬಂದವರು. ಹಾಗಾಗಿ ಎಲ್ಲರಿಗಿಂತ ಮೊದಲು ನೀರಿಗಿಳಿದು, ತಮ್ಮ ಕಾಲವನ್ನು ದಾಖಲಿಸಿ, ಮಿಕ್ಕವರೆಲ್ಲ ಅದನ್ನು ಮುರಿಯಲು ಯತ್ನಿಸುವುದನ್ನು ದಡದಲ್ಲಿ ನಿಂತು ನೋಡುತ್ತಿದ್ದರು. ಯಾರಿಂದಲೂ ಅದು ಸಾಧ್ಯವಾಗಲಿಲ್ಲ. ಎರಡನೆಯವರಾಗಿ ಬಂದ ಡೇವಿಡ್ ಫ್ಲಾರೆನ್ಸ್ ಮತ್ತು ರಿಚರ್ಡ್ ಹೌನ್‌ಸ್ಲೋ ಎಂಬ ಅವರ ದೇಶಬಾಂಧವರಿಗೂ ಅವರಿಗೂ ಅರ್ಧ ಸೆಕೆಂಡಿನ ಅಂತರವೂ ಇರಲಿಲ್ಲ. ೨೦೧೬ರ ರಿಯೋದಲ್ಲಿ ಸ್ಲೊವಾಕಿಯದ ಲಾಡಿಸ್ಲಾವ್ ಮತ್ತು ಪೀಟರ್ ಶ್ಕಾಂಟಾರ್ ಎಂಬ ದಾಯಾದಿ ಸೋದರರು ಗೆದ್ದರು. ಒಲಿಂಪಿಕ್ಸಿನಲ್ಲಿ ಬಿಳಿನೀರಿನ ಮೇಲೆ ಇಬ್ಬರ ದೋಣಿ ಸ್ಪರ್ಧಿಸಿದ್ದು ಅದೇ ಕಡೆಯ ಸಲ. ಕೆಲವೇ ವರ್ಷಗಳಲ್ಲಿ ವಿಶ್ವಕಪ್ಪಿನಿಂದಲೂ ವಿಶ್ವ ಚಾಂಪಿಯನ್‌ಷಿಪ್ಪಿನಿಂದಲೂ ಅದು ಮರೆಯಾಯಿತು.

ಈಗ ಎದುರು ಪಕ್ಷದ ಮಾತನ್ನು ಅದರ ಪೂರ್ಣ ಬಲದಲ್ಲಿಯೇ ಕೇಳಬೇಕು. ೧೯೭೨ರಲ್ಲಿ ಮ್ಯೂನಿಕ್ ಒಲಿಂಪಿಕ್ಸಿನ ಅಂಗವಾಗಿ ಔಗ್ಸ್‌ಬರ್ಗಿನಲ್ಲಿ ಸ್ಲಾಲಮ್ ಮೊದಲ ಬಾರಿಗೆ ಒಲಿಂಪಿಕ್ ಗೌರವ ಪಡೆಯಿತು. ಲೆಖ್ ನದಿಯಲ್ಲಿ ತೇಲಿಬರುವ ಮಂಜುಗಡ್ಡೆಗಳು ಜಲಯಂತ್ರಗಳಿಗೆ ಬಡಿಯದಂತೆ ತಿರುಗಿಸಲು ತೋಡಿದ್ದ ಕಾಲುವೆಯನ್ನೇ ಪಂದ್ಯಕ್ಕೆ ಅಳವಡಿಸಿದ್ದರು. ಪೂರ್ವ ಜರ್ಮನಿಯವರು ತಮ್ಮ ತ್ಸ್ವಿಕಾವ್ ನಗರದ ಬಳಿ ಅದರ ಪ್ರತಿಕೃತಿಯನ್ನು ನಿರ್ಮಿಸಿ, ಗುಟ್ಟಾಗಿ ಅಭ್ಯಾಸ ಮಾಡಿಕೊಂಡು ಬಂದು, ನಾಲ್ಕಕ್ಕೆ ನಾಲ್ಕೂ ಸ್ವರ್ಣಪದಕಗಳನ್ನು ಬಾಚಿಕೊಂಡುಹೋದದ್ದು ಕ್ರೀಡಾ ಇತಿಹಾಸದ ರಸವತ್ತಾದ ಪ್ರಸಂಗಗಳಲ್ಲಿ ಒಂದು. ಆ ನಾಲ್ಕರಲ್ಲಿ ಮೂರು ಪುರುಷರಿಗೆ, ಒಂದು ಮಾತ್ರ ಮಹಿಳೆಯರಿಗೆ. ಇಪ್ಪತ್ತು ವರ್ಷಗಳ ಕಾಲ ಸ್ಲಾಲಮ್ ಒಲಿಂಪಿಕ್ಸಿನಿಂದ ಹೊರಗುಳಿದು, ೧೯೯೨ರಲ್ಲಿ ಬಾರ್ಸಿಲೋನಾ ಕ್ರೀಡೆಗಳಿಗೆ ಮರಳಿದಾಗಲೂ ಮೂರು ಮತ್ತು ಒಂದು. ೨೦೧೬ರವರೆಗೂ ಅದೇ ಲೆಕ್ಕ. ಮಹಿಳೆಯರಿಗೆ ಕಯಾಕ್ ಉಂಟು, ಕೆನೂ ಇಲ್ಲ. ಕುಳಿತು ಸ್ಪರ್ಧಿಸಬಹುದು, ಮೊಣಕಾಲೂರಿ ಸ್ಪರ್ಧಿಸುವಂತಿಲ್ಲ. ಇದಕ್ಕೆ ಸಮರ್ಥನೆಯಾಗಬಲ್ಲ ಯಾವ ಯುಕ್ತಿಯೂ ಇರಲಿಲ್ಲ. ರೂಢಿಯೊಂದೇ ಆಧಾರ.

೨೦೧೦ರಿಂದ ಮಹಿಳೆಯರ ಸಿ-೧ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಪದಕಸಹಿತವಾಗಿ ನೆಲೆಗೊಂಡಿತು. ಆಸ್ಟ್ರೇಲಿಯದ ಜೆಸಿಕಾ ಫಾಕ್ಸ್ ಆ ವರ್ಗದಲ್ಲಿ ೨೦೧೩, ೨೦೧೪, ೨೦೧೫ ಮತ್ತು ೨೦೧೮ರಲ್ಲಿ ವಿಶ್ವ ವಿಜೇತೆಯಾದಳು. ಆಕೆಯ ತಂದೆ ಬ್ರಿಟನ್ನಿನ ರಿಚರ್ಡ್ ಫಾಕ್ಸ್, ತಾಯಿ ಫ್ರಾನ್ಸಿನ ಮಿರಿಯಮ್ ಜೆರುಸಾಲ್ಮಿ. ಇಬ್ಬರೂ ಕಯಾಕಿನಲ್ಲಿ ಜಗತ್ಪ್ರಸಿದ್ಧರು. ಹೀಗೆ ವಿಶ್ವ ವೇದಿಕೆಯಲ್ಲಿ ಗೆಲ್ಲುತ್ತಿದ್ದವಳಿಗೆ ೨೦೧೬ರಲ್ಲಿ ಒಲಿಂಪಿಕ್ ಕೆನೂವಿನ ಬಾಗಿಲು ಮುಚ್ಚಿಯೇ ಇತ್ತು. ಟೋಕಿಯೋದಲ್ಲಿ, ೨೦೨೧ರ ಜುಲೈ ತಿಂಗಳಿನಲ್ಲಿ, ಕಡೆಗೂ ಬಾಗಿಲು ತೆರೆಯಿತು. ಮೊದಲ ಸ್ವರ್ಣ ಆಕೆಗೇ ಸಂದಿತು. ೨೦೨೪ರ ಪ್ಯಾರಿಸ್ಸಿನಲ್ಲಿ ಕಯಾಕ್, ಕೆನೂ ಎರಡರಲ್ಲಿಯೂ ಅವಳೇ ಗೆದ್ದಳು. ಹನ್ನೆರಡನೆಯ ಶತಮಾನದಲ್ಲಿಯೇ ಅಕ್ಕಮಹಾದೇವಿಯವರು ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳ ಪ್ರಶ್ನೆಗಳಿಗೆ ಎದುರು ನಿಂತು ಉತ್ತರಿಸಿದ ಪರಂಪರೆಯ ಓದುಗರು ಈ ತಡವಾದ ನ್ಯಾಯಕ್ಕೆ ಸಂತೋಷಪಡದೆ ಇರಲಾರರು.

ಆದರೆ ಈ ನ್ಯಾಯವನ್ನು ದೊರಕಿಸಿದ ಬಗೆ ಎಂತಹದು? ೨೦೧೪ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಬೇಸಿಗೆಯ ಕ್ರೀಡೆಗಳಿಗೆ ಒಂದು ಮೇಲ್ಮಿತಿಯನ್ನು ವಿಧಿಸಿಕೊಂಡಿತು: ಸ್ಪರ್ಧಿಗಳು ೧೦,೫೦೦ಕ್ಕೆ ಹೆಚ್ಚಬಾರದು, ಸ್ಪರ್ಧೆಗಳು ೩೧೦ರ ಆಸುಪಾಸಿನಲ್ಲಿರಬೇಕು. ಜೊತೆಗೆ ಸ್ತ್ರೀಯರ ಪಾಲು ಅರ್ಧಕ್ಕೆ ಏರಬೇಕು. ಪಾಲು ಏರಬೇಕು, ಒಟ್ಟು ಹೆಚ್ಚಬಾರದು ಎಂದ ಮೇಲೆ ಯಾರದೋ ಎಲೆಯನ್ನು ಎತ್ತಲೇಬೇಕಾಯಿತು. ೨೦೧೭ರ ಜೂನ್ ತಿಂಗಳಲ್ಲಿ ಟೋಕಿಯೋ ಕಾರ್ಯಕ್ರಮವನ್ನು ನಿಗದಿಪಡಿಸಿದಾಗ ಪುರುಷರ ಸಿ-೨ ಹೊರಹೋಗಿ ಮಹಿಳೆಯರ ಸಿ-೧ ಒಳಬಂದಿತು. ಲೆಕ್ಕಿಗನ ದೃಷ್ಟಿಯಿಂದ ಈ ಆಯ್ಕೆ ಸಹಜವೇ. ಜೋಡಿದೋಣಿಯಲ್ಲಿ ಒಂದು ಪದಕಕ್ಕೆ ಇಬ್ಬರು. ಕ್ರೀಡಾಗ್ರಾಮದಲ್ಲಿ ಒಂದು ದೋಣಿಗೆ ಎರಡು ಹಾಸಿಗೆ. ಸ್ಲಾಲಮ್ಮಿಗೆಲ್ಲ ಸೇರಿ ಎಂಬತ್ತು ಚಿಲ್ಲರೆ ಸ್ಥಾನಗಳಷ್ಟೇ ಇರುವಾಗ ಹನ್ನೆರಡು ದೋಣಿಗಳು ಇಪ್ಪತ್ತನಾಲ್ಕು ಜನರನ್ನು ನುಂಗಿಬಿಡುತ್ತವೆ. ಕೂಡಿ ದುಡಿಯುವ ಇಬ್ಬರು ಲೆಕ್ಕಪತ್ರದಲ್ಲಿ ದುಬಾರಿಯಾಗಿ ಕಂಡರು.

ಇಲ್ಲಿ ಮೂರು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ನಿಂತ ನೀರಿನ ಮೇಲೆ ನೇರವಾಗಿ ಓಡುವ ದೋಣಿಪಂದ್ಯಗಳೂ ಇದೇ ಅಂತರರಾಷ್ಟ್ರೀಯ ಒಕ್ಕೂಟದ ಅಧೀನದಲ್ಲಿಯೇ ಇವೆ. ಅಲ್ಲಿ ಟೋಕಿಯೋಗೆಂದು ಮಹಿಳೆಯರ ಸಿ-೨ ಸ್ಪರ್ಧೆಯನ್ನು ಹೊಸದಾಗಿ ಸೇರಿಸಲಾಯಿತು. ಐನೂರು ಮೀಟರು ದೂರದ ಆ ಓಟವನ್ನು ಚೀನಾದ ಜೋಡಿ ಗೆದ್ದಿತು. ನಿಂತ ನೀರಿನಲ್ಲಿ ಸಮಾನತೆಗೆ ಜೋಡಿ ಬೇಕಾಯಿತು, ಹರಿವ ನೀರಿನಲ್ಲಿ ಜೋಡಿಯೇ ಅಡ್ಡಿಯಾಯಿತು! ಎರಡನೆಯದಾಗಿ, ೨೦೧೭ರ ಅದೇ ನಿರ್ಣಯದಲ್ಲಿ ಸ್ತ್ರೀಪುರುಷರು ಕೂಡಿ ಆಡುವ ಮಿಶ್ರ ಸ್ಪರ್ಧೆಗಳು ಹಲವಾರು ಸೇರ್ಪಡೆಯಾದವು. ಓಟ, ಈಜು, ಟೇಬಲ್ ಟೆನಿಸ್, ಬಿಲ್ಲುಗಾರಿಕೆ, ಗುರಿಕಾರಿಕೆ ಎಲ್ಲಕ್ಕೂ ಆ ಭಾಗ್ಯ ಒದಗಿತು. ೨೦೨೪ರಲ್ಲಿ ಮನು ಭಾಕರ್ ಮತ್ತು ಸರಬ್‌ಜೋತ್ ಸಿಂಗ್ ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿ ಭಾರತಕ್ಕೆ ತಂದ ಕಂಚು ಇಂತಹ ಮಿಶ್ರ ಸ್ಪರ್ಧೆಯದೇ ಫಲ. ಗಂಡು ಹೆಣ್ಣು ಅಕ್ಷರಶಃ ಒಂದೇ ದೋಣಿಯಲ್ಲಿ ಕೂರಬಲ್ಲ ಸ್ಲಾಲಮ್ಮಿಗೆ ಮಾತ್ರ ಆ ಯೋಗ ಬರಲಿಲ್ಲ.

ಮೂರನೆಯ ಸಂಗತಿಯೇ ಎಲ್ಲಕ್ಕಿಂತ ಗಂಭೀರವಾದುದು. ಎಡೆಯಿಲ್ಲವೆಂದು ಸಿ-೨ ದೋಣಿಯನ್ನು ಹೊರಹಾಕಿದ ಏಳು ವರ್ಷಗಳ ಮೇಲೆ, ಪ್ಯಾರಿಸ್ಸಿನಲ್ಲಿ ಕಯಾಕ್ ಕ್ರಾಸ್ ಎಂಬ ಹೊಸ ಸ್ಪರ್ಧೆ ಪುರುಷರಿಗೊಂದು ಮಹಿಳೆಯರಿಗೊಂದರಂತೆ ಪ್ರವೇಶ ಪಡೆಯಿತು. ನೀರಿಗಿಂತ ಎತ್ತರದಲ್ಲಿ ಕಟ್ಟಿದ ಇಳಿಜಾರು ಅಟ್ಟಣೆಯಿಂದ ನಾಲ್ಕು ಪ್ಲಾಸ್ಟಿಕ್ ದೋಣಿಗಳು ಏಕಕಾಲಕ್ಕೆ ಧೊಪ್ಪನೆ ನೀರಿಗೆ ಬೀಳುತ್ತವೆ. ಒಂದನ್ನೊಂದು ನೂಕುತ್ತ, ತೇಲುಬುರುಡೆಗಳನ್ನು ಸುತ್ತುತ್ತ, ನಡುವೆ ಒಂದೆಡೆ ಕಡ್ಡಾಯವಾಗಿ ಮಗುಚಿ ಎದ್ದು, ಯಾರು ಮೊದಲು ಗುರಿ ಮುಟ್ಟುವರೋ ಅವರಿಗೆ ಜಯ. ನೋಡುವುದಕ್ಕೆ ಮೋಜಿನದು, ಸಂದೇಹವಿಲ್ಲ. ಮಹಿಳೆಯರ ವಿಭಾಗದಲ್ಲಿ ಜೆಸಿಕಾಳ ತಂಗಿ ನೊಯೆಮಿ ಫಾಕ್ಸ್, ಪುರುಷರ ವಿಭಾಗದಲ್ಲಿ ನ್ಯೂಜಿಲೆಂಡಿನ ಫಿನ್ ಬುಚರ್ ಗೆದ್ದದ್ದನ್ನು ಜನ ಕಣ್ಣೆವೆಯಿಕ್ಕದೆ ನೋಡಿದರು. ಹಳೆಯ ಸ್ಲಾಲಮ್ಮಿನ ನಿಯಮಗಳನ್ನರಿಯದ ಪ್ರೇಕ್ಷಕನಿಗೂ ಇದರಲ್ಲಿ ಗೆದ್ದವರಾರೆಂದು ತಾನಾಗಿ ತಿಳಿಯುತ್ತದೆ. ದೂರದರ್ಶನಕ್ಕೆ ಬೇಕಾದದ್ದೂ ಅದೇ. ಹೊಸದಕ್ಕೆ ಬಾಗಿಲು ತೆರೆದದ್ದನ್ನು ಯಾರೂ ಆಕ್ಷೇಪಿಸಬೇಕಾಗಿಲ್ಲ. ಎರಡು ಹೊಸ ಪದಕಗಳಿಗೆ ಎಡೆ ಸಿಕ್ಕಿತೆಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು.

ಆ ಎಡೆ ಸಿಕ್ಕಿದ್ದು ಹೇಗೆ? ಬೆರಳೆಣಿಕೆಯ ಸ್ಥಾನಗಳನ್ನು ಬಿಟ್ಟರೆ, ಕಯಾಕ್ ಕ್ರಾಸಿನಲ್ಲಿ ಇಳಿದವರು ಒಬ್ಬರ ದೋಣಿಯ ಸ್ಪರ್ಧೆಗೆಂದು ಅದಾಗಲೇ ಬಂದಿದ್ದವರೇ. ಹೆಚ್ಚಿನ ಹಾಸಿಗೆಗಳು ಬೇಕಾಗಲಿಲ್ಲ. ಅದೇ ಯುಕ್ತಿ ಮಿಶ್ರ ಸಿ-೨ ಸ್ಪರ್ಧೆಗೆ ಏಕೆ ಸಲ್ಲದು? ಪುರುಷರ ಸಿ-೧ಕ್ಕೆ ಬಂದ ಒಬ್ಬ, ಮಹಿಳೆಯರ ಸಿ-೧ಕ್ಕೆ ಬಂದ ಒಬ್ಬಳು. ಇಬ್ಬರೂ ಕೆನೂವಿನಲ್ಲಿ ಮೊಣಕಾಲೂರಿ ಒಂಟಿ ಅಲಗಿನ ಹುಟ್ಟು ಹಾಕಿಯೇ ಬಲ್ಲವರು. ಜರ್ಮನಿ, ಫ್ರಾನ್ಸ್, ಬ್ರಿಟನ್, ಝೆಕ್, ಸ್ಲೊವಾಕಿಯಗಳಂತಹ ದೇಶಗಳಿಗೆ ಇಂತಹ ಜೋಡಿಗಳನ್ನು ಕಟ್ಟುವುದು ಅಸಾಧ್ಯವೇನಲ್ಲ. ಒಬ್ಬನೇ ಹೊಸ ಸ್ಪರ್ಧಿಯನ್ನು ಸೇರಿಸದೆ, ಸ್ತ್ರೀಪುರುಷ ಸಮತೆಗೆ ಕಿಂಚಿತ್ತೂ ಲೋಪ ಬಾರದಂತೆ, ಇಬ್ಬರ ದೋಣಿಯನ್ನು ಉಳಿಸಿಕೊಳ್ಳಬಹುದಾಗಿತ್ತು. ಇದು ಹೊಸ ಕಲ್ಪನೆಯೂ ಅಲ್ಲ. ೧೯೫೦ರ ದಶಕದಿಂದಲೇ ವಿಶ್ವ ಚಾಂಪಿಯನ್‌ಷಿಪ್ಪುಗಳಲ್ಲಿ ಮಿಶ್ರ ಜೋಡಿಗಳ ಸ್ಪರ್ಧೆ ನಡೆದುಬಂದು ೧೯೮೧ರ ನಂತರ ನಿಂತುಹೋಗಿತ್ತು. ೨೦೧೭ರಲ್ಲಿ ಪೌ ನಗರದಲ್ಲಿ ಅದನ್ನು ಪುನರಾರಂಭಿಸಿದರು. ಆದರೆ ಒಲಿಂಪಿಕ್ಸಿನ ಆಸರೆಯಿಲ್ಲದ ಸ್ಪರ್ಧೆಗೆ ದೇಶಗಳು ಹಣವನ್ನಾಗಲಿ ಕಾಲವನ್ನಾಗಲಿ ಹೂಡುವುದಿಲ್ಲ. ಕೆಲವೇ ವರ್ಷಗಳಲ್ಲಿ ಅದನ್ನೂ ಕೈಬಿಟ್ಟರು.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ವೃತ್ತಾಂತವನ್ನು ಬಲ್ಲವರಿಗೆ ಮಿಶ್ರ ಜೋಡಿಯ ವಿಶೇಷ ಥಟ್ಟನೆ ಹೊಳೆಯುತ್ತದೆ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಹೊತ್ತು ತಂದ ಪತಿಯನ್ನು ತಡೆದು, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬನ್ನಿರೆಂದು ತಿದ್ದಿದವರು ಲಕ್ಕಮ್ಮನವರು. ಹಾಗೆ ತಿದ್ದುವ ಅಧಿಕಾರ ಒಂದೇ ಕಾಯಕದಲ್ಲಿ ಜೊತೆಯಾಗಿದ್ದುದರಿಂದ ಬಂದದ್ದು. ಪಕ್ಕಪಕ್ಕದ ಎರಡು ಒಂಟಿ ದೋಣಿಗಳಲ್ಲಿ ಸಾಗುವವರಿಗೆ ಸಮಾನ ಪದಕಗಳು ದೊರೆಯಬಹುದು. ಒಬ್ಬರ ತಪ್ಪನ್ನು ಇನ್ನೊಬ್ಬರು ಆ ಕ್ಷಣದಲ್ಲಿಯೇ ತಿದ್ದುವ ಅವಕಾಶ ದೊರೆಯದು.

ಮಿಶ್ರ ಜೋಡಿಯ ವಿರುದ್ಧ ಹೇಳಬಹುದಾದ ಮಾತುಗಳಿಲ್ಲದೆ ಇಲ್ಲ. ಉದ್ದನೆಯ ದೋಣಿಯನ್ನು ಖಂಡದಿಂದ ಖಂಡಕ್ಕೆ ಸಾಗಿಸುವುದು ತ್ರಾಸದಾಯಕ, ವೆಚ್ಚದ್ದು. ಒಂದೇ ಮಟ್ಟದ ಇಬ್ಬರು ಒಂದೇ ದೇಶದಲ್ಲಿ ಸಿಗುವುದು ಚಿಕ್ಕ ರಾಷ್ಟ್ರಗಳಿಗೆ ದುಸ್ತರ. ಬೀಜಿಂಗಿನಲ್ಲಿ ಟೋಗೋ ದೇಶಕ್ಕೆ ಅದರ ಮೊತ್ತಮೊದಲ ಒಲಿಂಪಿಕ್ ಪದಕವನ್ನು ಗಳಿಸಿಕೊಟ್ಟ ಬೆಂಜಮಿನ್ ಬೂಕ್ಪೆಟಿಯಂತಹ ಏಕಾಂಗಿ ಸಾಹಸಿಗೆ ಜೋಡಿ ಎಲ್ಲಿಂದ ಬರಬೇಕು? ಇದಲ್ಲದೆ, ಋತುವಿಡೀ ಒಬ್ಬೊಬ್ಬರಾಗಿ ಅಭ್ಯಾಸ ಮಾಡಿದ ಇಬ್ಬರನ್ನು ಎರಡು ವಾರ ಮೊದಲು ಒಂದೆಡೆ ಕೂರಿಸಿದರೆ ಅದು ಹೋಖ್‌ಶೋರ್ನರ್ ಸಹೋದರರ ಜೋಡಿಯಾಗುವುದಿಲ್ಲ. ಮೊದಲ ವರ್ಷಗಳಲ್ಲಿ ಕೋಲುಗಳಿಗೆ ಬಡಿಯುವ, ದ್ವಾರ ತಪ್ಪಿಸುವ ದೃಶ್ಯಗಳೇ ಹೆಚ್ಚಾದಾವು. ಕಡೆಯ ಈ ಮಾತನ್ನು ಒಪ್ಪಲೇಬೇಕು. ಆದರೆ ಮಹಿಳೆಯರ ಸಿ-೧ ಸ್ಪರ್ಧೆಯ ಆರಂಭದಲ್ಲಿಯೂ ಸ್ಪರ್ಧಿಗಳು ವಿರಳವೇ ಆಗಿದ್ದರು. ಅವಕಾಶ ಸ್ಥಿರವಾದ ಮೇಲೆ ಹತ್ತು ವರ್ಷಗಳಲ್ಲಿ ಮಟ್ಟ ಹೇಗೆ ಏರಿತೆಂಬುದನ್ನು ಟೋಕಿಯೋ ಪಂದ್ಯವೇ ತೋರಿಸಿಕೊಟ್ಟಿತು. ಚಿಕ್ಕ ರಾಷ್ಟ್ರಗಳ ಮಾತಿಗೆ ಉತ್ತರವಾಗಿ ಅವಳಿ ಸಹೋದರರೇ ಇದ್ದಾರೆ. ಐವತ್ತೈದು ಲಕ್ಷಕ್ಕೂ ಕಡಿಮೆ ಜನಸಂಖ್ಯೆಯ, ೧೯೯೩ರಲ್ಲಿ ಸ್ವತಂತ್ರವಾದ ಸ್ಲೊವಾಕಿಯ ಜೋಡಿದೋಣಿಯಲ್ಲಿ ಆರು ಒಲಿಂಪಿಕ್ಸ್‌ಗಳ ಪೈಕಿ ನಾಲ್ಕನ್ನು ಗೆದ್ದುಕೊಂಡಿತು. ಸ್ಥಳೀಯ ನದಿ, ಅಕ್ಕಪಕ್ಕದ ಮನೆಗಳ ಹುಡುಗರು, ಬಿಡದೆ ಹಿಡಿದ ಗುರು. ಜೋಡಿಗೆ ಬೇಕಾದದ್ದು ಇಷ್ಟೇ. ದೊಡ್ಡ ದೇಶವಾಗಿರಬೇಕೆಂಬ ನಿಯಮವಿಲ್ಲ.

ವಿಶ್ವ ಚಾಂಪ���ಯನ್‌ಷಿಪ್ಪಿನಲ್ಲಿ ತಂಡಸ್ಪರ್ಧೆ ಇದೆಯಲ್ಲ, ಒಂದು ದೇಶದ ಮೂರು ದೋಣಿಗಳು ಒಂದರ ಹಿಂದೊಂದು ಇಳಿದು ಹದಿನೈದು ಸೆಕೆಂಡುಗಳ ಒಳಗೆ ಗುರಿ ಸೇರಬೇಕಲ್ಲ, ಸಹಕಾರಭಾವಕ್ಕೆ ಅದು ಸಾಲದೇ ಎಂದು ಕೇಳುವವರುಂಟು. ಮೂವರು ಒಂದೇ ದಾರಿಯಲ್ಲಿ ನಡೆಯುವುದಕ್ಕೂ ಇಬ್ಬರು ಒಂದೇ ಹೊರೆಯನ್ನು ಹೊರುವುದಕ್ಕೂ ಇರುವ ವ್ಯತ್ಯಾಸವನ್ನು ಅಡ್ಡೆ ಹೊತ್ತವರು ಬಲ್ಲರು.

ದೂರದ ನದಿಗಳ ಈ ಪ್ರಶ್ನೆ ವಿದ್ಯಾಸಂಸ್ಥೆಗಳಿಗೆ ಅಷ್ಟೇನೂ ದೂರದ್ದಲ್ಲ. ಯಾವುದೇ ಶಾಲೆಯ ವಾರ್ಷಿಕೋತ್ಸವದ ಬಹುಮಾನ ಪಟ್ಟಿಯನ್ನು ತೆರೆದು ನೋಡಬಹುದು. ಗಣಿತದಲ್ಲಿ ಪ್ರಥಮ, ಕನ್ನಡದಲ್ಲಿ ಪ್ರಥಮ, ಒಟ್ಟಂಕಗಳಲ್ಲಿ ಪ್ರಥಮ. ದತ್ತಿನಿಧಿಗಳೆಲ್ಲ ಒಬ್ಬೊಬ್ಬರ ಕೊರಳಿಗೆ ಹಾರವಾಗಿ ಬೀಳುವಂಥವೇ. ದಾನಿಗಳ ಔದಾರ್ಯದಲ್ಲಿ ಲೋಪವಿಲ್ಲ. ಇಬ್ಬರು ವಿದ್ಯಾರ್ಥಿಗಳು ವರ್ಷವಿಡೀ ಕೂಡಿ ಮಾಡಿದ ಒಂದು ಪ್ರಯೋಗಕ್ಕೆ, ಒಬ್ಬ ಜಾಣನು ಒಬ್ಬ ಹಿಂದುಳಿದವನನ್ನು ಕೈಹಿಡಿದು ದಡ ಸೇರಿಸಿದ್ದಕ್ಕೆ ಬಹುಮಾನವಿಡಬೇಕೆಂಬ ಯೋಚನೆ ಅಪರೂಪವಾಗಿರುವುದಕ್ಕೆ ಕಾರಣ ಬೇರೆ: ಅದಕ್ಕೆ ಅಂಕ ಹಾಕುವುದು ಕಷ್ಟ, ಒಂದು ಫಲಕದ ಮೇಲೆ ಎರಡು ಹೆಸರು ಕೆತ್ತಿಸಬೇಕು, ಯಾರ ಪಾಲು ಎಷ್ಟೆಂದು ತೀರ್ಮಾನಿಸಲಾಗದು. ಸಿ-೨ ದೋಣಿಯನ್ನು ಹೊರಹಾಕಿದ ಲೆಕ್ಕಿಗನ ತೊಡಕೂ ಇದೇ. ಪುರಾತನ ಗುರುಕುಲಗಳಲ್ಲಿಯಾಗಲಿ ಮಠದ ಪ್ರಸಾದನಿಲಯಗಳಲ್ಲಿಯಾಗಲಿ ಜೊತೆಯಲ್ಲಿ ಉಂಡು ಓದಿ ಬೆಳೆದವರಿಗೆ ತಮ್ಮ ವಿದ್ಯೆಯಲ್ಲಿ ಸಹಪಾಠಿಯ ಪಾಲೆಷ್ಟೆಂದು ಬಿಡಿಸಿ ಹೇಳುವುದು ಸಾಧ್ಯವೇ?

೨೦೨೮ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ ಸ್ಲಾಲಮ್ ಪಂದ್ಯಗಳನ್ನು ಆ ನಗರದಿಂದ ಬಹುದೂರದ ಒಕ್ಲಹೋಮಾ ನಗರದಲ್ಲಿರುವ ಕೃತಕ ಕಾಲುವೆಯಲ್ಲಿ ನಡೆಸಬೇಕೆಂದು ಗೊತ್ತುಮಾಡಿದ್ದಾರೆ. ಕಯಾಕ್, ಕೆನೂ, ಕಯಾಕ್ ಕ್ರಾಸ್. ಪುರುಷರಿಗೆ ಮೂರು, ಮಹಿಳೆಯರಿಗೆ ಮೂರು. ಪಟ್ಟಿ ಸಮನಾಗಿದೆ. ಒಬ್ಬೊಬ್ಬರದೇ ಆದ ಆರು ಸ್ಪರ್ಧೆಗಳ ಜೊತೆಗೆ, ಈಗಿರುವ ಸ್ಪರ್ಧಿಗಳಿಂದಲೇ ನಡೆಸಬಹುದಾದ ಏಳನೆಯದೊಂದನ್ನು ಒಕ್ಕೂಟವು ೨೦೩೨ರ ಬ್ರಿಸ್ಬೇನ್ ಕ್ರೀಡೆಗಳಿಗಾಗಿ ಕೇಳಬಹುದು. ಅದಕ್ಕೂ ಮೊದಲು, ಯಾರ ಅಪ್ಪಣೆಗೂ ಕಾಯದೆ, ತನ್ನದೇ ವಿಶ್ವಕಪ್ ಋತುವಿನ ಒಂದೆರಡು ಪಂದ್ಯಗಳಲ್ಲಿ ಮಿಶ್ರ ಜೋಡಿಗೆ ಅಂಕಸಹಿತವಾದ ಸ್ಥಾನ ಕೊಟ್ಟು ನೋಡಬಹುದು. ದೋಣಿಗಳಂತೂ ಇನ್ನೂ ಇವೆ. ದ್ವಾರಗಳಿಲ್ಲದೆ ನದಿಯ ಜಾಡಿನಲ್ಲಿ ವೇಗವಾಗಿ ಇಳಿಯುವುದಷ್ಟೇ ಗುರಿಯಾಗಿರುವ, ಒಲಿಂಪಿಕ್ಸಿಗೆ ಎಂದೂ ಸೇರದ ಇನ್ನೊಂದು ಬಿಳಿನೀರಿನ ಸ್ಪರ್ಧೆಯಲ್ಲಿ ಪುರುಷರ ಜೋಡಿಗಳೂ ಮಹಿಳೆಯರ ಜೋಡಿಗಳೂ ಇಂದಿಗೂ ಒಂದೇ ದೋಣಿಯಲ್ಲಿ ಹಿಂದೆ ಮುಂದೆ ಮೊಣಕಾಲೂರಿ, ಒಬ್ಬರು ಎಡಕ್ಕೂ ಒಬ್ಬರು ಬಲಕ್ಕೂ ಹುಟ್ಟು ಹಾಕುತ್ತ ಇಳಿಯುತ್ತಿದ್ದಾರೆ.